ಹದಿಮೂರರ ಹೊಸ್ತಿಲು

ಮೊನ್ನೆ ಮಿತ್ರರೊಬ್ಬರು ಮನೆಗೆ ಬಂದು, "ಮಗಳಿಗೆ ೧೩ ತುಂಬಿತು. ಇನ್‌ಸ್ಟಾಗ್ರಾಮಿಗೆ ಸೇರಬೇಕೆನ್ನುತ್ತಾಳೆ. ಕಂಪನಿಯ ನಿಯಮದಂತೆ ವಯಸ್ಸಾಗಿದೆ. ಬೇಡವೆನ್ನಲು ನನಗೇನು ಕಾರಣವಿದೆ?" ಎಂದು ಕೇಳಿದರು. ಮಕ್ಕಳ ಮನಸ್ಸನ್ನು ಬಲ್ಲವರು ಯಾರೋ ಯೋಚಿಸಿ ಆ ಅಂಕಿಯನ್ನು ಗೊತ್ತುಮಾಡಿರಬೇಕೆಂದು ಅವರು ನಂಬಿದಂತಿತ್ತು.

ನಿಜ ಸಂಗತಿ ಬೇರೆ. ೧೩ ತುಂಬದ ಮಕ್ಕಳ ವಿವರಗಳನ್ನು ತಂದೆತಾಯಿಯರ ಒಪ್ಪಿಗೆಯಿಲ್ಲದೆ ಜಾಲತಾಣಗಳು ಸಂಗ್ರಹಿಸಕೂಡದೆಂದು ೧೯೯೮ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಒಪ್ಪಿಗೆ ಪಡೆಯುವ ತೊಡಕೇ ಬೇಡವೆಂದು ಕಂಪನಿಗಳು ಅದಕ್ಕಿಂತ ಚಿಕ್ಕವರಿಗೆ ಬಾಗಿಲು ಹಾಕಿದವು. ಅಂದಮೇಲೆ ಅದು ಕಾಗದಪತ್ರದ ಗಡಿ, ವಿವೇಕದ ಗಡಿಯಲ್ಲ. ನಮ್ಮ ದೇಶವು ೨೦೨೩ರಲ್ಲಿ ಮಾಡಿದ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನಿನಲ್ಲಿ ೧೮ ತುಂಬದವರೆಲ್ಲರೂ ಮಕ್ಕಳೇ. ೨೦೨೪ರ ಆಸ್ಟ್ರೇಲಿಯದ ಕಾನೂನು ೧೬ ತುಂಬುವವರೆಗೆ ಇಂಥ ಖಾತೆಯೇ ಕೂಡದೆನ್ನುತ್ತದೆ. ಒಂದೊಂದು ಕಡೆ ಒಂದೊಂದು ಗಡಿ. ಅಂಕಿಗಳು ನಮ್ಮ ಪರವಾಗಿ ಯೋಚಿಸಲಾರವು ಎಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ನೋಡಬೇಕಾದುದೇನು? ಮಗಳನ್ನು ಗುರುತಿಲ್ಲದ ಮನೆಗೆ ಕಳಿಸುವಾಗ ಹಿರಿಯರು ಕೇಳುತ್ತಿದ್ದ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬಹುದೆಂದು ನನಗೆ ತೋರುತ್ತದೆ. ಅಲ್ಲಿ ಯಾರು ಯಾರು ಇರುತ್ತಾರೆ? ಎಷ್ಟು ಹೊತ್ತಿಗೆ ಹಿಂದಿರುಗುತ್ತಾಳೆ? ಆ ಮನೆಯವರಿಗೆ ಇವಳಿಂದ ಆಗಬೇಕಾದುದೇನು?

ಮೊದಲನೆಯದು ಅಪರಿಚಿತರ ಮಾತು. ಕಂಡು ಕೇಳದವರು ಮಗುವಿಗೆ ಸಂದೇಶ ಕಳಿಸಬಹುದೆ, ಅವಳ ಚಿತ್ರವನ್ನು ನೋಡಬಹುದೆ? ಹದಿಹರೆಯದವರ ಖಾತೆ ತಾನಾಗಿಯೇ ಮರೆಯಲ್ಲಿರುವಂತೆ ಇನ್‌ಸ್ಟಾಗ್ರಾಂ ೨೦೨೪ರಲ್ಲಿ ಏರ್ಪಾಡು ಮಾಡಿತು. ಒಳ್ಳೆಯದೇ. ಆದರೆ ಹುಟ್ಟಿದ ವರ್ಷವನ್ನು ಸುಳ್ಳು ಬರೆದ ಮಗುವಿಗೆ ಆ ಮರೆ ಸುಲಭವಾಗಿ ತಪ್ಪಿಹೋಗಬಹುದು.

ಎರಡನೆಯದು ಮುಗಿಯುವ ಮಾತು. ಪುಸ್ತಕಕ್ಕೆ ಕೊನೆಯ ಪುಟವಿದೆ. ಸಿನಿಮಾಕ್ಕೆ 'ಶುಭಂ' ಇದೆ. ಬೆರಳಾಡಿಸಿದಷ್ಟೂ ಕೆಳಗಿನಿಂದ ಬರುತ್ತಲೇ ಇರುವ ಪುಟಕ್ಕೆ ಅದು ಯಾವುದೂ ಇಲ್ಲ. ೨೦೦೬ರಲ್ಲಿ ಅದನ್ನು ರೂಪಿಸಿದ ಏಜಾ ರಾಸ್ಕಿನ್ ಮುಂದೆ ಬಹಿರಂಗವಾಗಿಯೇ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. ಸ್ನ್ಯಾಪ್‌ಚಾಟಿನಲ್ಲಿ ಇಬ್ಬರು ಗೆಳತಿಯರು ಎಷ್ಟು ದಿನ ಬಿಡದೆ ಚಿತ್ರ ಕಳಿಸಿಕೊಂಡರೆಂಬ ಲೆಕ್ಕವೊಂದು ಬೆಳೆಯುತ್ತಿರುತ್ತದೆ. ನಡುವೆ ತಪ್ಪಿದರೆ ಲೆಕ್ಕ ಮುರಿಯಿತು. ಸ್ನೇಹಕ್ಕೂ ಹಾಜರಿಪುಸ್ತಕ!

ಮೂರನೆಯದಕ್ಕೆ ಉತ್ತರ ಸರಳ. ಅವರಿಗೆ ಬೇಕಾದುದು ಮಗುವಿನ ಹೊತ್ತು. ಜಾಹೀರಾತುದಾರರಿಗೆ ಮಾರುವ ಸರಕು ಅದೇ. ೨೦೨೧ರಲ್ಲಿ ಫ್ರಾನ್ಸಿಸ್ ಹೌಗೆನ್ ಎಂಬಾಕೆ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳನ್ನು ಹೊರಗೆ ತಂದರು. ತಮ್ಮ ಮೈಕಟ್ಟಿನ ಬಗೆಗೆ ಬೇಸರವಿದ್ದಾಗ ಇನ್‌ಸ್ಟಾಗ್ರಾಂ ಅದನ್ನು ಇನ್ನಷ್ಟು ಹೆಚ್ಚಿಸಿತೆಂದು ಶೇಕಡ ೩೨ರಷ್ಟು ಹುಡುಗಿಯರು ಹೇಳಿದ್ದುದು ಅವುಗಳಲ್ಲಿತ್ತು. ಬೇರೆ ದುಃಖಗಳಲ್ಲಿ ಅದರಿಂದ ಸಮಾಧಾನ ಪಡೆದವರೂ ಇದ್ದಾರೆಂದು ಕಂಪನಿ ಉತ್ತರ ಕೊಟ್ಟಿತು. ಎರಡೂ ನಿಜವಿರಬಹುದು. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, ೨೦೨೩ರಲ್ಲಿ, ಈ ಮಾಧ್ಯಮಗಳು ಮಕ್ಕಳಿಗೆ ಸಾಕಷ್ಟು ಸುರಕ್ಷಿತವೆಂದು ಹೇಳಲು ಆಧಾರ ಸಾಲದೆಂದು ಎಚ್ಚರಿಸಿದರು. ಒಂದು ಮಗುವಿಗೆ ಆಸರೆಯಾದುದು ಇನ್ನೊಂದಕ್ಕೆ ಮುಳ್ಳಾಗಬಹುದಾದರೆ, ಆಪನ್ನು ಪರೀಕ್ಷಿಸಿದಮೇಲೂ ನಮ್ಮ ಕೆಲಸ ಅರ್ಧವೇ ಆಯಿತು. ಉಳಿದರ್ಧ ನಮ್ಮ ಮಗುವನ್ನು ಅರಿಯುವುದು.

ಇಲ್ಲಿಗೆ ಬಂದಾಗ ಮಿತ್ರರು ಸುಮ್ಮನಾದರು. ಆಮೇಲೆ ತಾವು ಬಂದ ನಿಜವಾದ ಕಾರಣವನ್ನು ಹೇಳಿದರು. ಕಳೆದ ತಿಂಗಳು, ಮಗಳು ಸ್ನಾನಕ್ಕೆ ಹೋಗಿದ್ದಾಗ, ಅವಳ ವಾಟ್ಸಾಪನ್ನು ತೆರೆದು ಓದಿದರಂತೆ. ಟ್ಯೂಷನ್ ಗುಂಪಿನಿಂದ ನಂಬರು ಹಿಡಿದ ಯಾರೋ ಹುಡುಗ ಅಸಭ್ಯವಾಗಿ ಬರೆದಿದ್ದ. ಮಗಳು ಒಂದೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿ, ಆ ನಂಬರನ್ನೇ ತಡೆದುಹಾಕಿದ್ದಳು. ಇವರಿಗೆ ಹಿಗ್ಗೋ ಹಿಗ್ಗು. ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಹೊಗಳಿಬಿಟ್ಟರು! "ನಿಮಗೆ ಹೇಗೆ ಗೊತ್ತಾಯಿತು ಅಪ್ಪಾ?" ಎಂದಳಂತೆ. ಅಂದಿನಿಂದ ಅವಳ ಮೊಬೈಲು ದಿಂಬಿನ ಕೆಳಗೆ. ಮಾತು ಎಷ್ಟು ಬೇಕೋ ಅಷ್ಟೇ.

ಅವರು ಮಾಡಿದ್ದು ತಪ್ಪೆ? ದುಡ್ಡು ಅವರದು, ಮಗಳು ಅವರವಳು, ಭಯವೂ ನಿಜವಾದದ್ದು. ಕಾಯುವುದು ತಂದೆಯ ಧರ್ಮವಲ್ಲವೆ? ಹೌದು. ಆದರೆ ಹೇಳಿ ಕಾಯುವುದಕ್ಕೂ ಕದ್ದು ಕಾಯುವುದಕ್ಕೂ ಅಂತರವಿದೆ. ಮೊದಲನೆಯದರಲ್ಲಿ ಮಗು ನಿಯಮವನ್ನು ಬಲ್ಲದು. ಅದರೊಡನೆ ವಾದಿಸಬಲ್ಲದು, ಕೊನೆಗೆ ಅದನ್ನು ತನ್ನದಾಗಿಯೂ ಮಾಡಿಕೊಳ್ಳಬಲ್ಲದು. ಎರಡನೆಯದರಿಂದ ಕಲಿಯುವುದು ಬಚ್ಚಿಡುವುದನ್ನು ಮಾತ್ರ. ನಾಳೆ ಯಾರಾದರೂ ಅವಳ ಚಿತ್ರವನ್ನು ಹಿಡಿದು ಹೆದರಿಸಿದರೆ, ನಡುರಾತ್ರಿಯಲ್ಲಿ ಅವಳಿಗೆ ಮೊದಲು ಹೊಳೆಯುವುದು "ಅಪ್ಪನಿಗೆ ಹೇಳೋಣ" ಎಂದೋ, "ಅಪ್ಪನಿಗೆ ತಿಳಿಯದಿರಲಿ" ಎಂದೋ? ಆಪು ಯೋಗ್ಯವೋ ಅಲ್ಲವೋ ಎಂಬ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಒರೆಗಲ್ಲು ನನಗೆ ಕಾಣದು.

ಹಾಗೆಂದು ಕೇಳಿದ್ದನ್ನೆಲ್ಲ ಕೊಡಬೇಕೆಂದಲ್ಲ. ಬೇಡವೆನ್ನುವುದೂ ಪ್ರೀತಿಯೇ. ಆದರೆ ತರಗತಿಯ ಗೆಳತಿಯರೆಲ್ಲ ಒಂದೆಡೆ ಸೇರಿರುವಾಗ ಹೊರಗುಳಿಯುವುದು ಆ ವಯಸ್ಸಿನಲ್ಲಿ ಸಣ್ಣ ನೋವಲ್ಲವೆಂಬುದನ್ನು ಒಪ್ಪಿಕೊಂಡು ಬೇಡವೆನ್ನಬೇಕು, ಏಕೆಂದು ಹೇಳಬೇಕು, ಮತ್ತೆ ಯಾವಾಗ ಯೋಚಿಸೋಣವೆಂಬುದನ್ನೂ ಹೇಳಬೇಕು. ಕೊಡುವುದಾದರೆ ಜೊತೆಯಲ್ಲಿ ಕುಳಿತು, ನಿಜವಾದ ವಯಸ್ಸನ್ನೇ ಬರೆದು ತೆರೆಯಬೇಕು. ಮೂರು ತಿಂಗಳು ನೋಡಬೇಕು: ನಿದ್ರೆ ಕೆಟ್ಟಿತೆ, ಓದು ಹಿಂದೆ ಬಿತ್ತೆ, ಕನ್ನಡಿಯ ಮುಂದೆ ಮುಖ ಬಾಡಿತೆ? ರಾತ್ರಿ ಒಂಬತ್ತರ ಮೇಲೆ ಮೊಬೈಲು ಹಜಾರದಲ್ಲಿರಬೇಕೆಂಬ ನಿಯಮ ಮಾಡಿದರೆ, ಅಪ್ಪನ ಮೊಬೈಲೂ ಅದರ ಪಕ್ಕದಲ್ಲಿರಬೇಕು. ಈ ಕೊನೆಯ ಮಾತಿಗೆ ಮಿತ್ರರು ಸ್ವಲ್ಪ ತಬ್ಬಿಬ್ಬಾದರು. ಅವರು ಹಾಸಿಗೆಯಲ್ಲಿ ಕ್ರಿಕೆಟ್ಟಿನ ತುಣುಕುಗಳನ್ನು ನೋಡುವವರು.

ಎದ್ದು ಹೊರಟಾಗ, "ಹಾಗಾದರೆ ಏನು ತೀರ್ಮಾನ ಮಾಡಿದಿರಿ?" ಎಂದು ಕೇಳಿದೆ.

"ಅದು ಆಮೇಲಾಯಿತು," ಎಂದರು, ಚಪ್ಪಲಿ ಮೆಟ್ಟುತ್ತಾ. "ಮೊದಲು ಅವಳ ಹತ್ತಿರ ಕ್ಷಮೆ ಕೇಳಬೇಕು. ಹೇಗೆ ಕೇಳುವುದೆಂದೇ ತಿಳಿಯದು. ನಮ್ಮಪ್ಪ ನನ್ನನ್ನು ಒಂದು ಸಲವೂ ಕೇಳಿದವರಲ್ಲ."