ಕರ್ತೃವಿಲ್ಲದ ವಾಕ್ಯಗಳು

ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಅಷ್ಟಾಗಿ ಒಗ್ಗದ್ದೆಂದು ವ್ಯಾಕರಣ ಪಾಠ ಹೇಳುವವರಿಗೆಲ್ಲ ಗೊತ್ತು. ‘ಅಮ್ಮ ಅನ್ನ ಬಡಿಸಿದಳು’ ಎನ್ನುತ್ತೇವೆಯೇ ಹೊರತು, ‘ಅಮ್ಮನಿಂದ ಅನ್ನವು ಬಡಿಸಲ್ಪಟ್ಟಿತು’ ಎಂದು ಹಸಿದ ಯಾವ ಮಗುವೂ ಹೇಳಲಾರದು. ಆದರೆ ಈ ಪ್ರಯೋಗ ಸೊಂಪಾಗಿ ಬೆಳೆಯುವ ತೋಟವೊಂದುಂಟು. ಅದು ನಮ್ಮ ವಿಶ್ವವಿದ್ಯಾನಿಲಯಗಳ ಕಡತ. ‘ತೀರ್ಮಾನಿಸಲಾಯಿತು’, ‘ಮಂಜೂರು ಮಾಡಲಾಗಿದೆ’, ‘ತಡೆಹಿಡಿಯಲಾಗಿದೆ’. ಕರ್ಮವಿದೆ, ಕ್ರಿಯಾಪದವಿದೆ, ಕರ್ತೃ ಮಾತ್ರ ಎಲ್ಲಿಯೋ ಅಡಗಿದ್ದಾನೆ.

ಇದು ಬರಿಯ ವ್ಯಾಕರಣದ ಮಾತಾಗಿದ್ದರೆ ತರಗತಿಯಲ್ಲಿಯೇ ಬಿಡುತ್ತಿದ್ದೆ. ಆದರೆ ಇದು ನೀತಿಯ ಪ್ರಶ್ನೆ. ಸಾರ್ವಜನಿಕರ ಹಣ ವೆಚ್ಚವಾದಾಗ, ಹಾಗೆ ವೆಚ್ಚ ಮಾಡಲು ನಿರ್ಧರಿಸಿದವರು ಯಾರು?

‘ಲೆಕ್ಕ ಸರಿಯಾಗಿದೆ’ ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. ಲೆಕ್ಕದ ಏರ್ಪಾಡಿಗೇನೂ ಕೊರತೆಯಿಲ್ಲ. ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ 2000ದ ಅಧಿನಿಯಮದಂತೆ ಸಿಂಡಿಕೇಟು ಉಂಟು, ಹಣಕಾಸು ಸಮಿತಿ ಉಂಟು, ಹಣಕಾಸು ಅಧಿಕಾರಿ ಉಂಟು, ಲೆಕ್ಕ ಪರಿಶೋಧನೆಯೂ ಉಂಟು. ಕ್ರಮವಾಗಿ ಟೆಂಡರು ಕರೆದು ಮಾರ್ಚಿ 31ರೊಳಗೆ ಮಹಾದ್ವಾರವೊಂದನ್ನು ಕಟ್ಟಿಸಿದರೆ, ರಸೀತಿಗಳಲ್ಲಿ ಒಂದು ಕಾಸಿನ ತಪ್ಪೂ ಸಿಕ್ಕದಿರಬಹುದು. ಆದರೆ ಅದೇ ವರ್ಷ ಗ್ರಂಥಾಲಯಕ್ಕೆ ಬಾರದೆಹೋದ ಪುಸ್ತಕಗಳಿಗೆ ರಸೀತಿ ಎಲ್ಲಿಂದ ತರುವುದು?

ನನಗೆ ಬಲ್ಲ ತರುಣರೊಬ್ಬರು ಒಂದು ವಿಶ್ವವಿದ್ಯಾನಿಲಯದಲ್ಲಿ ಅತಿಥಿ ಉಪನ್ಯಾಸಕರಾಗಿದ್ದರು. ತಿಂಗಳುಗಟ್ಟಲೆ ಗೌರವಧನ ಬರಲಿಲ್ಲ. ವಿಚಾರಿಸಿದರೆ ವಿಭಾಗದವರು ಹಣಕಾಸು ಶಾಖೆಯನ್ನು ತೋರಿಸಿದರು. ಶಾಖೆಯವರು ಸಮಿತಿಯನ್ನು ತೋರಿಸಿದರು. ಸಮಿತಿಗಾದರೋ ಮುಖವೂ ಇಲ್ಲ, ವಿಳಾಸವೂ ಇಲ್ಲ. ಎಲ್ಲರೂ ಸೌಜನ್ಯದಿಂದಲೇ ಮಾತನಾಡಿದರು. ಒಬ್ಬರೂ ದುಷ್ಟರಲ್ಲ. ಯಾರೂ ಕೆಟ್ಟವರಾಗದೆಯೇ ಅನ್ಯಾಯ ನಡೆದುಹೋಯಿತಲ್ಲ, ಭಯ ಹುಟ್ಟಿಸುವುದು ಅದೇ. ಪಾಠ ಹೇಳುವಷ್ಟು ಕಾಲವೂ ಆ ತರುಣರು ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’.

ಕೀರ್ತಿಯ ವಿಷಯಕ್ಕೆ ಬಂದರೆ ಕರ್ತೃವಿಗೆ ಬರವಿಲ್ಲ. ಮಾನಸಗಂಗೋತ್ರಿ ಎಂದೊಡನೆ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಕುವೆಂಪು ಅವರನ್ನು ನೆನೆಯುತ್ತೇವೆ, ಅದು ನ್ಯಾಯವೇ. ಯಾವ ಹೊಸ ಕಟ್ಟಡದ ಶಂಕುಸ್ಥಾಪನೆಯ ಕಲ್ಲನ್ನು ನೋಡಿದರೂ ಹೆಸರುಗಳ ಸಾಲು. ಗೋಡೆ ಬಿರುಕು ಬಿಟ್ಟಮೇಲೆ ಬರೆಯುವ ವರದಿಯಲ್ಲಿ ಮಾತ್ರ ‘ಕಾಮಗಾರಿಯನ್ನು ಕೈಗೊಳ್ಳಲಾಗಿತ್ತು’!

ಇದಕ್ಕೊಂದು ಆಕ್ಷೇಪಣೆ ಉಂಟು, ಅದು ಹಗುರವಾದುದಲ್ಲ. ವಿದ್ಯೆಗೆ ಸ್ವಾತಂತ್ರ್ಯ ಬೇಕು. ರೂಪಾಯಿ ರೂಪಾಯಿಗೂ ಹೊರಗಿನವರಿಗೆ ಉತ್ತರ ಹೇಳುತ್ತ ಕುಳಿತರೆ, ಹಳೆಯ ಶಾಸನ ಓದುವವನಿಗೂ ಗಣಿತದ ಒಗಟು ಬಿಡಿಸುವವನಿಗೂ ಉಳಿಗಾಲವೆಲ್ಲಿ? ಒಪ್ಪಬೇಕಾದ ಮಾತು. ಏನನ್ನು ಓದಬೇಕು, ಏನನ್ನು ಶೋಧಿಸಬೇಕು ಎಂಬುದನ್ನು ವಿದ್ವಾಂಸರೇ ನಿಶ್ಚಯಿಸಲಿ. ಆದರೆ ಹೆಸರನ್ನು ಮರೆಸುವುದರಿಂದ ಈ ಸ್ವಾತಂತ್ರ್ಯ ಉಳಿಯುತ್ತದೆಯೆ? ‘ನಾನು ಹೀಗೆ ನಿರ್ಧರಿಸಿದೆ, ಕಾರಣ ಇದು’ ಎನ್ನಬಲ್ಲವನೇ ಮಂತ್ರಿಗಳ ಶಿಫಾರಸಿಗೂ ‘ಆಗದು’ ಎಂದಾನು. ಕರ್ತೃವಿಲ್ಲದ ವಾಕ್ಯದ ತೆರವಾದ ಪೀಠದಲ್ಲಿ ಯಾರು ಬೇಕಾದರೂ ಬಂದು ಕುಳಿತುಕೊಳ್ಳಬಹುದು.

2005ರ ಮಾಹಿತಿ ಹಕ್ಕು ಕಾಯಿದೆಯ ದೆಸೆಯಿಂದ 10 ರೂಪಾಯಿ ಶುಲ್ಕ ಕಟ್ಟಿ ಕಡತದ ಪ್ರತಿಯನ್ನು ಕೇಳಬಹುದು. ಪರೀಕ್ಷೆಗೆ ಕುಳಿತವನಿಗೆ ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಬರೆದವನು ಯಾರು, ಅಂಕ ಕೊಟ್ಟವರು ಯಾರು ಎಂಬುದಕ್ಕೆ ಗುರುತಿರುತ್ತದೆ. ವಿಶ್ವವಿದ್ಯಾನಿಲಯ ಜನತೆಗೆ ಬರೆಯುವ ಉತ್ತರಕ್ಕೂ ಅಷ್ಟು ಗುರುತು ಬೇಡವೆ? ಸೂಚಿಸಿದವರು ಯಾರು, ಒಪ್ಪಿದವರು ಯಾರು, ಒಪ್ಪದವರು ಯಾರು, ಕಾರಣವೇನು: ನಡವಳಿಯಲ್ಲಿ ಇಷ್ಟನ್ನು ಬರೆಯಲು ನಾಲ್ಕು ಸಾಲು ಸಾಕು.

‘ಜವಾಬ್ದಾರಿ’ ಎಂಬ ಮಾತು ಪಾರಸಿಯಿಂದ ಬಂದದ್ದು. ಅದರ ಹೊಟ್ಟೆಯಲ್ಲಿರುವುದು ‘ಜವಾಬು’. ಆ ಜವಾಬನ್ನು ಕೇಳುವ ಹಕ್ಕು, ಅಂಗಡಿಯಲ್ಲಿ ಸಾಬೂನು ಕೊಂಡು ತೆರಿಗೆ ತೆತ್ತ ಕೂಲಿಯ ಹೆಂಗಸಿಗೂ ಉಂಟು. ಅವಳ ಮಕ್ಕಳು ಆ ಮಹಾದ್ವಾರವನ್ನು ದಾಟದೆಯೇ ಹೋಗಬಹುದು. ಅವಳು ಕೇಳುವುದಂತೂ ಕರ್ತರಿ ಪ್ರಯೋಗದಲ್ಲಿಯೇ.