ಕೂಗಿಗೆ ಓಗೊಡುವವರು ಯಾರು?

ಮನೆಗೆ ಬೆಂಕಿ ಬಿದ್ದಾಗ, ಎದೆನೋವು ಬಂದಾಗ, ಬಾಗಿಲಿಗೆ ಮಚ್ಚು ಬಂದು ನಿಂತಾಗ ಮನುಷ್ಯ ಕೂಗುತ್ತಾನೆ. ಆ ಕೂಗಿಗೆ ಓಡಿ ಬರೋದು ದಯೆಯೋ, ಋಣವೋ?

ಅಮೆರಿಕದಲ್ಲಿ ಈ ಕೂಗಿಗೊಂದು ನಂಬರು ಉಂಟು: 911. ಮೊದಲ ಕರೆ ಹೋದದ್ದು 1968ರ ಫೆಬ್ರವರಿ 16ರಂದು, ಅಲಬಾಮಾ ರಾಜ್ಯದ ಹೇಲಿವಿಲ್ ಎಂಬ ಸಣ್ಣ ಊರಿನಲ್ಲಿ. ಪೊಲೀಸ್ ಠಾಣೆಯಲ್ಲಿ ಫೋನೆತ್ತಿದವನು ಒಬ್ಬ ಸಂಸತ್ ಸದಸ್ಯ. ಅದೇ ಠಾಣೆಯಲ್ಲಿ ಬುಲ್ ಕಾನರ್ ಕೂಡ ಇದ್ದ. ಯಾರವನು? 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಯಲ್ಲಿ ಕಪ್ಪು ಜನರ ಮಕ್ಕಳ ಮೇಲೆ ನಾಯಿ ಛೂ ಬಿಡಿಸಿದವನು, ಬೆಂಕಿ ಆರಿಸೋ ನೀರನ್ನು ಅವರ ಮೈಮೇಲೆ ಹಾರಿಸಿದವನು. ಆಗ ಅವನ ಹುದ್ದೆಯ ಹೆಸರು ‘ಸಾರ್ವಜನಿಕ ರಕ್ಷಣೆಯ ಕಮಿಷನರ್’! ಐದು ವರ್ಷ ತುಂಬೋದರೊಳಗೆ, ಫೋನ್ ಕಂಪನಿಗಳ ಮೇಲೆ ಕಣ್ಣಿಡುವ ರಾಜ್ಯ ಆಯೋಗಕ್ಕೆ ಅವನೇ ಅಧ್ಯಕ್ಷ. ಕೂಗಿದವರನ್ನು ಕಚ್ಚಿಸಿದವನಿಗೇ ಕೂಗಿನ ತಂತಿಯ ಕಾವಲು.

ಹಾಗಂತ ಸರ್ಕಾರ ದೂರ ಇರಲಿ, ಕಂಪನಿಯೇ ನೋಡಿಕೊಳ್ಳಲಿ ಅನ್ನೋಣವೇ? ಕಂಪನಿ ಲಾಭ ಇದ್ದ ಕಡೆ ತಂತಿ ಎಳೆಯುತ್ತೆ. ಸರ್ಕಾರ ಬೇಕು, ಅದರ ಕೈ ಮೇಲೆ ಜನರ ಕಣ್ಣೂ ಬೇಕು.

ಯಾಕೆಂದರೆ ದುಡ್ಡಿನ ಕತೆ ಕೇಳಿ. ನ್ಯೂಜೆರ್ಸಿ ರಾಜ್ಯ 2004ರಲ್ಲಿ ಈ ಸೇವೆಯ ಹೆಸರು ಹೇಳಿ ಪ್ರತಿ ಫೋನಿಗೆ ತಿಂಗಳಿಗೆ 90 ಸೆಂಟು ಹಾಕಿತು. ಬಂಗಲೆಯವನಿಗೂ 90, ಆ ಬಂಗಲೆಯ ಕಸ ಗುಡಿಸೋಳಿಗೂ 90. ವರ್ಷಗಟ್ಟಲೆ ಅದರ ಬಹುಪಾಲು ಸರ್ಕಾರದ ಬೇರೆ ಖರ್ಚಿಗೆ ಹೋಯಿತು. ಕರೆ ಎತ್ತುವ ಕೇಂದ್ರಗಳು ಸ್ಥಳೀಯ ತೆರಿಗೆಯನ್ನೇ ನಂಬಿ ಕೂತವು. ಅಂದರೆ ಉಳ್ಳವರ ಊರಿಗೆ ಬಲವಾದ ಕೇಂದ್ರ, ಇಲ್ಲದವರ ಊರಿಗೆ ಬಡಕಲು ಕೇಂದ್ರ. 2008ರ ಕಾನೂನಿನಂತೆ ಕೇಂದ್ರದ ಸಂಪರ್ಕ ಆಯೋಗ ವರ್ಷವರ್ಷವೂ ವರದಿ ಬರೆದು, ಹೀಗೆ ಹಣ ತಿರುಗಿಸಿದ ರಾಜ್ಯಗಳ ಹೆಸರು ಹೇಳುತ್ತ ಬಂತು. ಹೆಸರು ಹೇಳಿದ್ದಕ್ಕೇ ನಾಚಿಕೊಳ್ಳುವ ಖಜಾನೆ ಎಲ್ಲಿದೆ?

‘ಎಲ್ಲರದು’ ಅನ್ನೋ ಮಾತಿನ ಮೋಸ ನಮಗೆ ಹೊಸದಲ್ಲ. ಮಹಾಡದ ಚೌದಾರ್ ಕೆರೆ ಎಲ್ಲರಿಗೂ ಅಂತ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. 1927ರಲ್ಲಿ ಬಾಬಾಸಾಹೇಬರು ಜನರ ಜೊತೆ ಹೋಗಿ ಕುಡಿಯೋವರೆಗೂ ಅದು ಕಾಗದದ ನೀರೇ.

ಆ ಅಮೆರಿಕದಲ್ಲೇ ಒಂದು ಒಳ್ಳೆ ನಿಯಮವೂ ಇದೆ: ಬಿಲ್ಲು ಕಟ್ಟದೆ ಸತ್ತುಹೋದ ಮೊಬೈಲಿನಿಂದಲೂ 911ಕ್ಕೆ ಕರೆ ಹೋಗಬೇಕು. ನನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ. 90 ಸೆಂಟು ಕೊಟ್ಟದ್ದಕ್ಕೆ ಹುಟ್ಟಿದ ಋಣ ಅಲ್ಲ ಇದು. ಕೂಗುವ ಬಾಯಿ ಮನುಷ್ಯನದು ಅನ್ನೋದಕ್ಕೇ ಹುಟ್ಟಿದ ಋಣ. ಕೊಟ್ಟವನ ದುಡ್ಡನ್ನೂ ನುಂಗಿ ಕೂಗನ್ನು ಕೇಳಿಸಿಕೊಳ್ಳದ ಸರ್ಕಾರ ಎರಡು ಸಲ ಕದ್ದಂತೆ. ಲೆಕ್ಕ ಕೇಳೋಣ, ಗಟ್ಟಿಯಾಗಿ.