ಹಗ್ಗದ ಪಕ್ಕ ನಿಂತವನ ಹೊಣೆ ಯಾರದು?

ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಮಳೆ ಬರಲಿಲ್ಲ ಅಂತ ಮುಗಿಲು ನೋಡುವ ನಾವೇ, ಮಳೆ ಬಂದ ಮರುದಿನ ಕೆಸರಿನಲ್ಲಿ ಹೂತ ಗಾಡಿಯ ಸುತ್ತ ನಿಂತಿರುತ್ತೇವೆ. ರಾಯದುರ್ಗದ ಕಡೆ ಕಣೇಕಲ್, ಬೊಮ್ಮನಹಾಳ್ ಬಯಲಿನಲ್ಲಿ ಎರೆಮಣ್ಣು; ತುಂಗಭದ್ರಾ ಮೇಲ್ದಂಡೆ ಕಾಲುವೆಯ ನೀರು ಹರಿಯುವ ಗದ್ದೆಗಳು; ಪಕ್ಕದಲ್ಲೇ ಹಗರಿಯ ಮರಳು. ಮಡಕಶಿರಾ ಕಡೆ ಹೆಚ್ಚಾಗಿ ಕೆಂಪು ನೆಲ, ಆದರೆ ಕೆರೆಯಂಗಳಕ್ಕೆ ಇಳಿದರೆ ಅಲ್ಲಿಯೂ ಗೋಡುಮಣ್ಣು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಕೆಸರು ಮಾತ್ರ ಜಿಲ್ಲೆ ನೋಡುವುದಿಲ್ಲ.

ಗಾಡಿ ಹೂತಾಗ ಊರು ಸೇರುತ್ತದೆ. "ಅಣ್ಣಾ, ಒಂದು ಕೈ ಹಾಕು" ಅಂದರೆ ಸಾಕು, ಹೊಲದಲ್ಲಿ ಕಳೆ ಕೀಳುವವರೂ ಎದ್ದು ಬರುತ್ತಾರೆ. ಯಾರ ಗಾಡಿ, ಯಾವ ಜಾತಿ, ಯಾವ ಪಕ್ಷ ಅಂತ ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುವ ಗಾದೆ ಕಣ್ಣೆದುರೇ ನಿಜವಾಗುತ್ತದೆ. ಇದು ನಮ್ಮ ಹಳ್ಳಿಗಳ ದೊಡ್ಡ ಗುಣ. ಆದರೆ ಆ ಗುಣದ ಒಳಗೇ ನಾವು ಕೇಳಿಕೊಳ್ಳದ ಒಂದು ಪ್ರಶ್ನೆ ಇದೆ. ಎಳೆಯುವಾಗ ಸರಪಣಿ ಕಿತ್ತು ಪಕ್ಕದಲ್ಲಿ ನಿಂತವನ ಕಾಲು ಮುರಿದರೆ ಆ ಹೊಣೆ ಯಾರದು? ಗಾಡಿಯವನದೋ, ಎಳೆದವನದೋ, ಕರೆಯದೆಯೇ ಬಂದು ನಿಂತವನದೋ? "ಅವನ ಗ್ರಹಚಾರ" ಅಂದುಬಿಟ್ಟರೆ ಪ್ರಶ್ನೆ ಮುಗಿಯುತ್ತದೆಯೇ?

ಉತ್ತರ ಹುಡುಕುವ ಮೊದಲು ಕೆಸರು ಎಂಥದು ಅಂತ ತಿಳಿಯಬೇಕು. ಎರೆಮಣ್ಣಿನಲ್ಲಿ ಜೇಡಿ ಹೆಚ್ಚು. ನೀರು ಕುಡಿದರೆ ಉಬ್ಬುತ್ತದೆ, ಗಾಲಿಗೆ ಮೆತ್ತಿಕೊಳ್ಳುತ್ತದೆ, ಗಾಲಿಯ ಅಡಿಗೆ ಗಾಳಿ ಹೋಗದಂತೆ ಹಿಡಿದುಕೊಳ್ಳುತ್ತದೆ. ಹೂತ ವಾಹನಗಳನ್ನು ಎತ್ತುವ ಬಗ್ಗೆ ಸೈನ್ಯದವರು ಬಳಸುವ ಒಂದು ಅಂದಾಜು ಇದೆ: ಗಾಲಿಯ ಮಟ್ಟಕ್ಕೆ ಹೂತರೆ ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮಟ್ಟಕ್ಕೆ ಹೂತರೆ ಎರಡರಷ್ಟು, ಅದಕ್ಕೂ ಮೇಲೆ ಹೋದರೆ ಮೂರರಷ್ಟು. ಅಂದರೆ 2 ಟನ್ನಿನ ಟ್ರ್ಯಾಕ್ಟರ್ ಎಳೆಯಲು 4 ಟನ್ ಬಲ ಬೇಕಾಗಬಹುದು. ಕಡಲೆಕಾಯಿ ಮೂಟೆ ಕಟ್ಟುವ ಹಗ್ಗಕ್ಕೆ ಇದು ಆಗುವ ಕೆಲಸವಲ್ಲ.

ಇನ್ನು ಹಗ್ಗದ ಸಂಗತಿ. ಬಿಗಿದ ಹಗ್ಗ ಅಂದರೆ ಎಳೆದು ಹಿಡಿದ ಬಿಲ್ಲಿನ ಹಾಗೆ. ಅದು ಎರಡರಷ್ಟು ಹಿಗ್ಗಿದರೆ ಒಳಗೆ ಕೂಡುವ ಶಕ್ತಿ ನಾಲ್ಕರಷ್ಟು. ಹಗ್ಗ ಕಿತ್ತರೆ, ಇಲ್ಲವೇ ಕೊಕ್ಕೆ ಕಳಚಿದರೆ, ಆ ಶಕ್ತಿಯೆಲ್ಲ ಒಂದೇ ಕ್ಷಣದಲ್ಲಿ ಹೊರಗೆ ಬರುತ್ತದೆ. ನೈಲಾನ್ ಹಗ್ಗದ ತುದಿಯ ಕಬ್ಬಿಣದ ಕೊಕ್ಕೆ ಕವಣೆಕಲ್ಲಾಗುತ್ತದೆ, ತಂತಿಹಗ್ಗ ಚಾಟಿಯಾಗುತ್ತದೆ. ಎಳೆಯುವ ಟ್ರ್ಯಾಕ್ಟರಿಗೂ ಅಪಾಯ ಇದೆ. ಸರಪಣಿಯನ್ನು ಹಿಂದಿನ ಅಚ್ಚಿಗಿಂತ ಎತ್ತರಕ್ಕೆ ಕಟ್ಟಿ ಕ್ಲಚ್ ಒಮ್ಮೆಗೇ ಬಿಟ್ಟರೆ ಮುಂಗಾಲಿಗಳು ಮೇಲೇಳುತ್ತವೆ. ಅದು ಹಿಂದಕ್ಕೆ ಮಗುಚುವುದು ಕೈಮೀರಲು ಒಂದು ಸೆಕೆಂಡು ಕೂಡ ಬೇಡ. ಡ್ರೈವರ್ ಅದರ ಅಡಿಯಲ್ಲಿರುತ್ತಾನೆ.

ಈಗ ಯಾರು ಎಲ್ಲಿ ನಿಂತಿರುತ್ತಾರೆ ನೋಡಿ. ಗಾಡಿಯ ಯಜಮಾನ ಬದುವಿನ ಮೇಲೆ ನಿಂತು "ಎಳೀರೋ, ಎಳೀರೋ" ಅನ್ನುತ್ತಿರುತ್ತಾನೆ. ಗಾಲಿಯ ಹಿಂದೆ ಭುಜ ಕೊಟ್ಟು ನೂಕುವವನು ಅವತ್ತಿನ ಕೂಲಿಗೆ ಬಂದವನು. ಹಗ್ಗದ ಹತ್ತಿರ ನಿಂತು ಮೊಬೈಲಿನಲ್ಲಿ ಹಿಡಿಯುತ್ತಿರುವುದು ಸ್ಕೂಲು ಮಕ್ಕಳು. ಗಾಡಿ ಮೇಲೆ ಬಂದರೆ ಲಾಭ ಒಬ್ಬನಿಗೆ. ಹಗ್ಗ ಕಿತ್ತರೆ ನಷ್ಟ ಇನ್ನೊಬ್ಬನಿಗೆ. ಅವಸರ ಒಬ್ಬನದು, ಆ ಅವಸರಕ್ಕೆ ಬೆಲೆ ಕಟ್ಟುವ ಮೈ ಇನ್ನೊಬ್ಬನದು. ನನ್ನ ಮಟ್ಟಿಗೆ ಇಲ್ಲಿನ ನೀತಿಯ ಪ್ರಶ್ನೆ ಇದೇ. ಸಹಾಯ ಕೇಳುವವನಿಗೆ, ಬಂದವರ ಬಲದ ಮೇಲೆ ಹಕ್ಕು ಸಿಗಬಹುದು. ಅವರ ಕೈಕಾಲಿನ ಮೇಲೆ ಸಿಗುವುದಿಲ್ಲ.

ಇದಕ್ಕೆ ಒಂದು ತಕರಾರು ಬರುತ್ತದೆ, ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. "ಹೀಗೆ ಲೆಕ್ಕ ಹಾಕುತ್ತಾ ಕೂತರೆ ಯಾರು ಬರ್ತಾರೆ ಮೇಷ್ಟ್ರೇ? ನಾಳೆ ನನ್ನ ತಲೆಗೆ ಬರುತ್ತೆ ಅಂತ ಎಲ್ಲರೂ ದೂರ ನಿಂತರೆ ಊರು ಊರಾಗಿ ಉಳಿಯುತ್ತಾ?" ನಿಜ. ಸಿಟಿಯಲ್ಲಿ ಬಿದ್ದವನನ್ನು ದಾಟಿಕೊಂಡು ಹೋಗುವ ಬುದ್ಧಿ ನಮಗೆ ಬರಬಾರದು. ಆದರೆ ನಾನು ಹೇಳುವುದು ದೂರ ಹೋಗುವ ಮಾತಲ್ಲ, ಎಲ್ಲಿ ನಿಲ್ಲಬೇಕು ಅನ್ನುವ ಮಾತು. ಸಹಾಯಕ್ಕೆ ಬಂದವನು ಸಂಜೆ ನಡೆದುಕೊಂಡೇ ಮನೆಗೆ ಹೋದರೆ ಮುಂದಿನ ಮಳೆಗೂ ಬರುತ್ತಾನೆ. ಒಬ್ಬನ ಕಾಲು ಹೋದ ಊರಿನಲ್ಲಿ "ಒಂದು ಕೈ ಹಾಕು" ಅಂದರೆ ಜನ ಮುಖ ತಿರುಗಿಸುತ್ತಾರೆ. ಎಚ್ಚರಿಕೆಯೇ ಸಹಾಯದ ಗುಣವನ್ನು ಉಳಿಸುವುದು.

"ಗಾಡಿಯಲ್ಲಿ ಬಸುರಿ ಇದ್ದರೆ?" ಅಂತ ಇನ್ನೊಬ್ಬರು ಕೇಳಬಹುದು. ಆಗ ಮೊದಲು ಆಕೆಯನ್ನು ಇಳಿಸಿ, ಮಂಚದ ಮೇಲೆ ಹೊತ್ತಾದರೂ ಗಟ್ಟಿ ರಸ್ತೆಗೆ ತಂದು ಬೇರೆ ಗಾಡಿ ಹತ್ತಿಸಬೇಕು. ಅವಸರ ಇರುವುದು ಜೀವಕ್ಕೆ. ಹೂತ ಗಾಡಿ ಬೆಳಗಿನವರೆಗೂ ಕಾಯುತ್ತದೆ.

ಕರ್ಣನ ರಥದ ಗಾಲಿ ಹೂತ ಕಥೆ ಬಯಲಾಟ ನೋಡಿದವರಿಗೆಲ್ಲ ಗೊತ್ತು. ನಿರಾಯುಧನ ಮೇಲೆ ಬಾಣ ಬಿಟ್ಟದ್ದು ಧರ್ಮವೇ ಅಂತ ನಾವು ರಾತ್ರಿಯೆಲ್ಲ ವಾದ ಮಾಡುತ್ತೇವೆ. ಅದೇ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. ಗಾಲಿ ಎತ್ತಲು ಕರ್ಣ ತಾನೇ ಇಳಿದ. ಗಾಲಿ ಅವನದು, ಹೆಗಲೂ ಅವನದು, ಅಪಾಯವೂ ಅವನದೇ. ಬದುವಿನ ಮೇಲೆ ನಿಂತು ಕೂಗುವವರು ಇದನ್ನು ನೆನೆಯುವುದು ಒಳ್ಳೆಯದು.

ಹಾಗಾದರೆ ಗಾಡಿಯವನ ಧರ್ಮ ಏನು? ಮೊದಲು ಸಲಿಕೆ ಹಿಡಿಯುವುದು. ಗಾಲಿಯ ಸುತ್ತ ಅಗೆದು ಗಾಳಿ ಬಿಟ್ಟು, ಮುಂದೆ ಕಲ್ಲು, ಸೊಪ್ಪು, ಹಲಗೆ ಹಾಕಿದರೆ ಬೇಕಾದ ಬಲ ಎಷ್ಟೋ ಕಡಿಮೆಯಾಗುತ್ತದೆ. ಮೂಟೆ ಇದ್ದರೆ ಇಳಿಸಬೇಕು. ಆದಷ್ಟು ಬಂದ ದಾರಿಯಲ್ಲೇ ಹಿಂದಕ್ಕೆ ಎಳೆಯಬೇಕು. ಸರಪಣಿಯನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು, ಜಗ್ಗದೆ ನಿಧಾನವಾಗಿ ಬಿಗಿಯಬೇಕು. ಜೀಪಿನ ವಿಂಚ್ ಆದರೆ ಉರುಳೆಯ ಮೇಲೆ ಕಡೆಯ ಐದು ಸುತ್ತು ತಂತಿ ಉಳಿದಿರಬೇಕು, ಕೈಗೆ ದಪ್ಪ ಗ್ಲೌಸ್ ಬೇಕು. ಹೂತ ಗಾಡಿಗೆ ಒಂದು ರಾಟೆ ಕಟ್ಟಿ ಹಗ್ಗವನ್ನು ಅದರಲ್ಲಿ ಸುತ್ತಿಸಿ ತಂದರೆ, ಎಳೆಯುವ ಬಲ ಹೆಚ್ಚುಕಡಿಮೆ ಅರ್ಧ ಸಾಕು. ಹಗ್ಗ ಮಾತ್ರ ಎರಡರಷ್ಟು ಎಳೆಯಬೇಕು. ಬಿಗಿದ ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ಕಂಬಳಿಯನ್ನೋ ಹೊದಿಸಿದರೆ, ಕಿತ್ತಾಗ ಅದು ಹಾರುವ ರಭಸ ತಗ್ಗುತ್ತದೆ. ಹಗ್ಗ ದಾಟಬಾರದು. ಹಗ್ಗದ ಉದ್ದದ ಒಂದೂವರೆಯಷ್ಟು ದೂರಕ್ಕೆ ಎಲ್ಲರನ್ನೂ ಕಳಿಸಬೇಕು, ಮಕ್ಕಳನ್ನು ಅದಕ್ಕೂ ಆಚೆ.

ತೇರು ಎಳೆಯುವಾಗ ನೂರಾರು ಕೈ ಹಗ್ಗ ಹಿಡಿದರೂ, ಗಾಲಿಗೆ ಮರದ ತುಂಡು ಕೊಡುವವನ ಮಾತು ಎಲ್ಲರೂ ಕೇಳುತ್ತಾರೆ. ಕೆಸರಿನಲ್ಲೂ ಹಾಗೇ ಇರಲಿ. "ಎಳಿ" ಅನ್ನುವುದು ಒಬ್ಬನೇ. "ನಿಲ್ಲಿಸಿ" ಅನ್ನುವ ಹಕ್ಕು ಮಾತ್ರ ಎಲ್ಲರದೂ, ಕೂಲಿಯವನದೂ, ಹುಡುಗನದೂ. ಯಾರು ಹಾಗೆ ಕೂಗಿದರೂ ಯಜಮಾನ ರೇಗಬಾರದು.

ಇಷ್ಟು ಮಾಡಿಯೂ ಅನಾಹುತ ಆಗಬಹುದು. ಆಗ ಆಸ್ಪತ್ರೆಯ ಖರ್ಚು, ಕೆಲಸ ಬಿಟ್ಟ ದಿನಗಳ ಕೂಲಿ ಗಾಡಿಯವನೇ ಹೊರಬೇಕು ಅಂತ ನನ್ನ ಮತ. ಎಳೆದವನ ತಪ್ಪಿದ್ದರೆ ಅವನೂ ಪಾಲು ಕೊಡಲಿ. ಕರೆದವನು ಹೊರುತ್ತಾನೆ ಅನ್ನುವುದು ಊರಿಗೆ ಮೊದಲೇ ಗೊತ್ತಿದ್ದರೆ, ಕರೆಯುವವನು ಸಲಿಕೆಯನ್ನೂ ಗೋಣಿಚೀಲವನ್ನೂ ಮರೆಯದೆ ತರುತ್ತಾನೆ. ಮೇಷ್ಟ್ರುಗಳು ರಾಟೆಯ ಪಾಠ ಮಾಡುವ ದಿನ ಮಕ್ಕಳಿಗೆ ಇದನ್ನೂ ಹೇಳಿದರೆ, ಮುಂದಿನ ಮಳೆಗಾಲದಲ್ಲಿ ಹಗ್ಗದ ಹತ್ತಿರ ನಿಲ್ಲುವ ಹುಡುಗರು ನಾಲ್ಕಾದರೂ ಕಡಿಮೆಯಾಗುತ್ತಾರೆ.